ನಮ್ಮ ತಾಲ್ಲೂಕು ಆಸ್ಪತ್ರೆ ಹೆರಿಗೆ ವಾರ್ಡು: ಏಳೂವರೆ ವರ್ಷದಲ್ಲಿ ಎರಡು ಸಲ ಹೋದವಳ ರಿವ್ಯೂ

ಊರ ಹೆಸರು ಹಾಕಲ್ಲ. ಮೊದಲ್ನೇ ಸಲದ್ದು ಬೈಗುಳನೇ ಜಾಸ್ತಿ ಇದೆ, ಆಗ ಇದ್ದೋರು ಅರ್ಧ ಜನ ಟ್ರಾನ್ಸ್‌ಫರ್ ಆಗಿ ಹೋಗಿದಾರೆ, ಈಗಿರೋರ ಮೇಲೆ ಯಾಕೆ ಸುಮ್ನೆ. ಹಳೇ ಮೈಸೂರು ಕಡೆ ಒಂದು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆ ಅಂತ ಇಟ್ಕೊಳ್ಳಿ. ಚೊಚ್ಚಲು ಹೆರಿಗೆ 2017 ಜೂನಲ್ಲಿ, ಎರಡನೇದು 2025 ಜನವರಿಯಲ್ಲಿ, ಎರಡೂ ಅಲ್ಲೇ. ಕಟ್ಟಡ ಅದೇ, ಲೇಬರ್ ವಾರ್ಡಿನ ಹಸಿರು ಬಾಗಿಲೂ ಅದೇ. ಆದ್ರೂ ಎರಡೂ ಬೇರೆ ಬೇರೆ ಆಸ್ಪತ್ರೆಗೆ ಹೋಗಿ ಬಂದಂಗಿದೆ ನಂಗೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ನಾನು ನಮ್ಮೂರ ಡೈರೀಲಿ ಹಾಲು ಟೆಸ್ಟ್ ಮಾಡೋಳು. ಬೆಳಗ್ಗೆ ಆರಕ್ಕೆ ಹೋಗಿ ಒಬ್ಬೊಬ್ಬರ ಹಾಲು ಅಳೆದು ಫ್ಯಾಟು, ಎಸ್ಸೆನ್ನೆಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) ನೋಡಿ ಬರ್ಕೊಳೋದು ನನ್ನ ಕೆಲಸ. ಇದನ್ನ ಯಾಕೆ ಹೇಳ್ದೆ ಅಂದ್ರೆ ಆಡಿಟ್ ಅಂದ್ರೆ ನಂಗೆ ಗೊತ್ತಿದ್ದಿದ್ದು ವರ್ಷಕ್ಕೊಂದ್ಸಲ ಸಂಘಕ್ಕೆ ಬಂದು ಕ್ಯಾಶ್ ಬುಕ್ ನೋಡಿ, ಊಟ ಮಾಡ್ಕೊಂಡು ಹೋಗೋರು ಮಾತ್ರ. ಹೆರಿಗೆಗೂ ಆಡಿಟ್ ಇರತ್ತೆ ಅಂತ ಯಾರಿಗೆ ಗೊತ್ತು.

ಮೊದಲ್ನೇ ಸಲ ಏನಾಯ್ತು ಅಂತ ಹೇಳ್ಬಿಡ್ತೀನಿ. ನೋವು ಶುರುವಾಗಿ ರಾತ್ರಿ ಎಂಟಕ್ಕೆ ಅಡ್ಮಿಟ್ ಆದೆ, ಅಮ್ಮನ್ನ ಬಾಗಿಲಾಚೆನೇ ನಿಲ್ಲಿಸಿದ್ರು, ಒಳಗೆ ನಾನೊಬ್ಬಳೇ, ಪಕ್ಕದ ಟೇಬಲ್ ಮೇಲೆ ಇನ್ನೊಬ್ಬಳು ಕೂಗ್ತಿದ್ಲು, ಮಧ್ಯ ಪರದೆ ಇಲ್ಲ. ಬೆಳಗಿನ ಜಾವ ಹೆರಿಗೆ ಆಯ್ತು. ಮಾಸು ಬಿದ್ದ ಮೇಲೂ ರಕ್ತ ಹೋಗ್ತಾನೇ ಇದೆ, ಬೆಚ್ಚಗೆ ತೊಡೆ ಕೆಳಗೆ ಹರಿಯೋದು ಗೊತ್ತಾಗ್ತಿದೆ, ಆಯಾ ಬಂದು ಬಟ್ಟೆ ಬದಲಾಯಿಸಿದ್ರು, ಮತ್ತೆ ನೆಂದೋಯ್ತು, ಮತ್ತೆ ಬದಲಾಯಿಸಿದ್ರು. ಜಾಸ್ತಿ ಹೋಗ್ತಿದೆ ಅಕ್ಕ ಅಂದ್ರೆ "ಹೆರಿಗೆ ಅಂದ್ಮೇಲೆ ಹೋಗಲ್ವಾ, ಸುಮ್ನೆ ಮಲಕ್ಕೋ" ಅಂದ್ರು. ಮಗು ಹೊರಗೆ ಕೊಟ್ಟಾಗ ಅಮ್ಮನ ಹತ್ರ ಗಂಡು ಮಗು ಅಂತ 500 ಇಸ್ಕೊಂಡಿದ್ರು, ಅದು ಬೇರೆ. ಕೊನೆಗೆ ಅಮ್ಮ ಒಳಗೆ ಬಂದು ನನ್ನ ತುಟಿ ನೋಡಿ ಕೂಗಾಡಿದ ಮೇಲೇನೇ ಡಾಕ್ಟರಿಗೆ ಫೋನು ಹೋಗಿದ್ದು, 108ರಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದ್ರು, ಎರಡು ಬಾಟ್ಲು ರಕ್ತ ಹಾಕಿದ್ರು. ರೆಫರ್ ಮಾಡಿದ ಚೀಟೀಲಿ ಏನು ಬರ್ದಿತ್ತು ಗೊತ್ತಾ, ಬಿಪಿ 120/80, ರಕ್ತಸ್ರಾವ ನಾರ್ಮಲ್. ನಾರ್ಮಲ್ ಆಗಿದ್ರೆ ಯಾಕಪ್ಪ ಕಳಿಸಿದ್ರಿ. ಆ ಚೀಟಿ ಇನ್ನೂ ಬೀರೂಲಿ ಇದೆ.

ಅದಕ್ಕೇ ಎರಡನೇದಕ್ಕೆ ಮನೇಲಿ ಯಾರೂ ಅಲ್ಲಿಗೆ ಹೋಗೋಕೆ ಒಪ್ಪಲಿಲ್ಲ. ಅದರ ಮೇಲೆ 2024 ನವೆಂಬರ್‌ದು ಬಳ್ಳಾರಿ ಸುದ್ದಿ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹೋಗ್ಬಿಟ್ರು, ಡ್ರಿಪ್ ಬಾಟ್ಲಲ್ಲೇ ದೋಷ ಅಂತ ಅನುಮಾನ, ಟೀವೀಲಿ ದಿನಾ ಅದೇ. ಅತ್ತೆ ಅಂತೂ ಸಾಲ ಮಾಡಾದ್ರೂ ಸಿಟಿ ನರ್ಸಿಂಗ್ ಹೋಮಿಗೇ ಸೇರ್ಸೋದು ಅಂತ ಹಠ. ಆದ್ರೆ ನಮ್ಮ ಆಶಾ ಕಾರ್ಯಕರ್ತೆ ಬಿಡ್ಲಿಲ್ಲ, ಈಗ ಹಂಗಿಲ್ಲ ಕಣವ್ವ, ಲಕ್ಷ್ಯ ಸರ್ಟಿಫಿಕೇಟ್ (ಹೆರಿಗೆ ವಾರ್ಡಿನ ಗುಣಮಟ್ಟ ನೋಡಿ ಸರ್ಕಾರ ಕೊಡೋದು) ಬಂದಿದೆ, ಒಂದ್ಸಲ ನೋಡ್ಕೊಂಡಾದ್ರೂ ಬಾ ಅಂದ್ರು. ಏಳನೇ ತಿಂಗಳ ಚೆಕಪ್ಪಿಗೆ ಹೋದಾಗ ನೋಡಿದ್ದು ಆ ಗೋಡೆ ಚಾರ್ಟ್.

ಈ ರಿವ್ಯೂಗೆ ಆ ಚಾರ್ಟೇ ಮುಖ್ಯ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಲೇಬರ್ ವಾರ್ಡ್ ಹೊರಗೆ, ಲಸಿಕೆ ಪೋಸ್ಟರ್ ಪಕ್ಕ, ಮಕ್ಕಳು ಸ್ಕೂಲ್ ಪ್ರಾಜೆಕ್ಟಿಗೆ ತರೋ ಥರದ ಚಾರ್ಟ್ ಪೇಪರ್. ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದು ಕೆಳಗೆ ತಿಂಗಳು, ಪಕ್ಕದಲ್ಲಿ 0ಯಿಂದ 100, ಮೇಲೆ "ಮಗು ಹುಟ್ಟಿದ 1 ನಿಮಿಷದೊಳಗೆ ಇಂಜೆಕ್ಷನ್". ಗೆರೆ ಮೇಲೇರ್ತಾ ಬಂದು ಒಂದು ತಿಂಗಳಲ್ಲಿ ದಬಕ್ಕಂತ ಬಿದ್ದು ಮತ್ತೆ ಎದ್ದಿತ್ತು. ಬಿದ್ದಿದ್ದನ್ನೂ ಗೋಡೆಗೆ ಅಂಟಿಸಿದಾರಲ್ಲ ಅಂತ ನಂಗೆ ಆಶ್ಚರ್ಯ. ನಮ್ಮ ಸಂಘದಲ್ಲಿ ನಷ್ಟ ಆದ ವರ್ಷದ ಲೆಕ್ಕ ಬೋರ್ಡಿಗೆ ಹಾಕಿದ್ದು ನಾನು ಕಂಡಿಲ್ಲ.

ಅಲ್ಲಿದ್ದ ಹಿರೀ ಸಿಸ್ಟರನ್ನ ಕೇಳ್ದೆ, ಆ ತಿಂಗಳು ಯಾಕೆ ಬಿತ್ತು ಅಂತ. ಅವರಿಗೂ ಯಾರಾದ್ರೂ ಕೇಳ್ಲಿ ಅಂತ ಇತ್ತೇನೋ, ಕೂರಿಸ್ಕೊಂಡು ಹೇಳಿದ್ರು. ಹೆರಿಗೆ ಆದ ತಕ್ಷಣ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಕೊಟ್ರೆ ಗರ್ಭಕೋಶ ಗಟ್ಟಿಯಾಗಿ ಮುದುಡತ್ತೆ, ರಕ್ತ ಹೋಗೋದು ಕಮ್ಮಿ ಆಗತ್ತೆ. ಇದು ಎಲ್ರಿಗೂ ಗೊತ್ತಿತ್ತಂತೆ, ಕೇಳಿದ್ರೆ ಎಲ್ರೂ ಕೊಡ್ತೀವಿ ಅಂತಾನೇ ಹೇಳೋರಂತೆ. ಪ್ರತಿ ತಿಂಗಳು ಯಾರದ್ದು ಅಂತ ನೋಡ್ದೆ ಕೈಗೆ ಸಿಕ್ಕಿದ 20 ಕೇಸ್ ಶೀಟ್ ಎಳೆದು, ಮಗು ಹುಟ್ಟಿದ ಟೈಮು, ಇಂಜೆಕ್ಷನ್ ಟೈಮು ಪಕ್ಕ ಪಕ್ಕ ಇಟ್ಟು ನೋಡೋಕೆ (ಇದೇ ಅವರ ಆಡಿಟ್) ಶುರು ಮಾಡಿದ ಮೇಲೆ ಗೊತ್ತಾಗಿದ್ದು ಅರ್ಧಕ್ಕರ್ಧ ತಡ ಆಗ್ತಿದೆ ಅಂತ. ಯಾಕೆ ತಡ? ಆ ಔಷಧಿ ಫ್ರಿಜ್ಜಲ್ಲಿ 2ರಿಂದ 8 ಡಿಗ್ರೀಲಿ ಇರ್ಬೇಕು, ಫ್ರಿಜ್ ಇದ್ದಿದ್ದು ಕಾರಿಡಾರ್ ಆ ಕಡೆ ಫಾರ್ಮಸಿ ರೂಮಲ್ಲಿ, ಬೀಗ ಫಾರ್ಮಸಿಯೋರ ಹತ್ರ, ರಾತ್ರಿ ಹೊತ್ತು ಬೀಗ ಹುಡ್ಕೋದ್ರಲ್ಲೇ ಹತ್ತು ನಿಮಿಷ. ಯಾರದ್ದೂ ಸೋಮಾರಿತನ ಅಲ್ಲ, ಬೀಗದ ಕೈ ಸಮಸ್ಯೆ. ಒಂದು ಚಿಕ್ಕ ಫ್ರಿಜ್ ಲೇಬರ್ ರೂಮಿಗೇ ತಂದ್ರು, ಮಗು ತಲೆ ಕಾಣೋ ಹೊತ್ತಿಗೆ ಸಿರಿಂಜಿಗೆ ಎಳೆದು ಟ್ರೇಲಿ ಇಡ್ಬೇಕು ಅಂತ ರೂಲ್ ಮಾಡಿದ್ರು, ಗೆರೆ ಏರ್ತು. ಬಿದ್ದ ತಿಂಗಳು ಆ ಫ್ರಿಜ್ಜೇ ಕೆಟ್ಟಿತ್ತಂತೆ.

ಮತ್ತೆ ನಾನೇ ಕೇಳ್ದೆ, ಬಿಪಿ 120/80 ಕಥೆ ಏನು ಸಿಸ್ಟರ್ ಅಂತ. ಜೋರಾಗಿ ನಕ್ರು. ಮೊದಲ್ನೇ ಆಡಿಟಲ್ಲೇ ಸಿಕ್ಕಿಬಿದ್ದಿದ್ದು ಅದಂತೆ, ಎಳೆದ ಶೀಟಲ್ಲಿ ಮುಕ್ಕಾಲು ಪಾಲು 120/80. ಬಿಪಿ ಮಿಷನ್ನಿನ ಪಟ್ಟಿ ಹರಿದು ತಿಂಗಳುಗಟ್ಲೆ ಆಗಿತ್ತು, ಇಂಡೆಂಟ್ ಹಾಕಿದ್ರು, ಬಂದಿರ್ಲಿಲ್ಲ, ಕಾಲಂ ಖಾಲಿ ಬಿಟ್ರೆ ಬೈತಾರೆ ಅಂತ ಎಲ್ರಿಗೂ ಒಂದೇ ಬರೆಯೋರು. ನಂಗೆ ಇದು ಎಷ್ಟು ಚೆನ್ನಾಗಿ ಅರ್ಥ ಆಯ್ತು ಅಂದ್ರೆ, ನಮ್ಮಲ್ಲೂ ಇದ್ರು ಒಬ್ರು, ಮಿಷನ್ ಕೆಟ್ಟ ದಿನ ಎಲ್ಲರ ಹಾಲಿಗೂ ಫ್ಯಾಟು 3.5, ಎಸ್ಸೆನ್ನೆಫ್ 8.5 ಅಂತ ಬರೆದು ಕೂತಿರೋರು. ಡೈರೀಲಿ ನೀರಾಲು ಹಾಕಿದೋನಿಗೆ ಲಾಭ, ಅಷ್ಟೇ. ಇಲ್ಲಿ 160/110 ಇರೋಳಿಗೆ 120/80 ಅಂತ ಬರೆದ್ರೆ ಅವಳಿಗೆ ಫಿಟ್ಸ್ ಬರ್ಬೋದು, ಕೊಡ್ಬೇಕಾದ ಮ್ಯಾಗ್ನೀಷಿಯಂ ಇಂಜೆಕ್ಷನ್ ಯಾರೂ ಕೊಟ್ಟಿರಲ್ಲ.

ಸರಿ, ಇಲ್ಲೇ ಅಂತ ಒಪ್ಕೊಂಡ್ವಿ.

ಜನವರೀಲಿ ನೋವು ಬಂದಾಗ ಈ ಸಲ ಅಮ್ಮನ್ನ ಒಳಗೇ ಬಿಟ್ರು, ಜೊತೆಗೊಬ್ರು ಹೆಂಗಸರು ಇರ್ಲೇಬೇಕಂತೆ, ಅದನ್ನೂ ಟಿಕ್ ಮಾಡ್ಕೊಂಡ್ರು. ಬೆಡ್ ಪಕ್ಕ ಒಂದು ಚೆಕ್‌ಲಿಸ್ಟ್ ಶೀಟು, ಬಂದಾಗ ಒಂದ್ಸಲ, ಮುಕ್ಕೋಕೆ ಮುಂಚೆ ಒಂದ್ಸಲ, ಹೆರಿಗೆ ಆಗಿ ಒಂದು ಗಂಟೆಯೊಳಗೆ ಒಂದ್ಸಲ, ಮನೆಗೆ ಕಳ್ಸೋಕೆ ಮುಂಚೆ ಒಂದ್ಸಲ, ನಾಲ್ಕು ಕಡೆ ನಿಂತು ನೋಡ್ಬೇಕು. ಮೊದಲ್ನೇ ಹೆರಿಗೇಲಿ ರಕ್ತ ಜಾಸ್ತಿ ಹೋಗಿತ್ತಾ ಅಂತ ಕೇಳಿದ್ರು, ಹೌದು ಅಂದಿದ್ದಕ್ಕೆ ಶೀಟಿನ ಮೇಲೆ ಕೆಂಪು ಪೆನ್ನಲ್ಲಿ ಬರೆದು, ಆಗ್ಲೇ ಕೈಗೆ ಸೂಜಿ ಹಾಕಿಟ್ರು, ರಕ್ತದ ಗುಂಪಿಗೆ ಸ್ಯಾಂಪಲ್ ತಗೊಂಡ್ರು. ಪರದೆ ಇತ್ತು. ಎಡಗಡೆ ತಿರುಗಿ ಮಲಗ್ಬೋದು, ಓಡಾಡ್ಬೋದು ಅಂದ್ರು. ಹೊಟ್ಟೆ ಮೇಲೆ ಯಾರೂ ಒತ್ತಲಿಲ್ಲ (2017ರಲ್ಲಿ ಒಬ್ರು ಸ್ಟೂಲ್ ಮೇಲೆ ಹತ್ತಿ ಒತ್ತಿದ್ರು, ಪಕ್ಕೆಲುಬು ಹದಿನೈದು ದಿನ ನೋಯ್ತಿತ್ತು).

ಮಗು ಹುಟ್ತು, ಹೆಣ್ಣು, ತೊಡೆಗೆ ಚುಚ್ಚಿದ್ದೇ ಗೊತ್ತಾಗ್ಲಿಲ್ಲ, ಮಗೂನ ಒರೆಸಿ ನನ್ನ ಎದೆ ಮೇಲೇ ಹಾಕಿದ್ರು, ಬಳ್ಳಿ ಬಡಿಯೋದು ನಿಲ್ಲೋವರೆಗೂ ಕಟ್ ಮಾಡ್ಲಿಲ್ಲ. ಆಮೇಲೆ ಸೊಂಟದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಸರಿಸಿದ್ರು, ಅದರ ತುದೀಲಿ ಕೊಳವೆ ಥರ ಒಂದು ಚೀಲ ತೂಗ್ತಿರತ್ತೆ, ಚೀಲದ ಮೇಲೆ ಗೆರೆ, 100, 200, 300 ಮಿಲಿ ಅಂತ. ನೋಡಿದ ತಕ್ಷಣ ನಂಗೆ ಹೊಳೀತು, ಇದು ನಮ್ಮ ಹಾಲಿನ ಮಾಪು! ಚಿಕ್ಕ ಸಿಸ್ಟರ್ ಒಬ್ರು ಪಕ್ಕದಲ್ಲೇ ನಿಂತು ಅದನ್ನೇ ನೋಡ್ತಿದ್ರು. ಮುನ್ನೂರು ಅಂದ್ರು. ಸ್ವಲ್ಪ ಹೊತ್ತಿಗೆ ನಾನೂರು, ಮೇಡಮ್. ಆಮೇಲೆ "ಐನೂರು ದಾಟ್ತು" ಅಂತ ಜೋರಾಗಿ. ನಂಗೇನೂ ಸುಸ್ತು ಅನ್ನಿಸ್ತಾ ಇರ್ಲಿಲ್ಲ, ಅಮ್ಮಂಗೂ ಗೊತ್ತಾಗಿರ್ಲಿಲ್ಲ, ಆದ್ರೆ ಆ ಮಾತು ಬಿದ್ದಿದ್ದೇ ತಡ ನಾಲ್ಕು ಜನ ಬಂದ್ರು. ಒಬ್ರು ಹೊಟ್ಟೆ ಮೇಲಿಂದ ಗರ್ಭಕೋಶ ತಿಕ್ಕೋಕೆ ಶುರು, ಒಬ್ರು ಡ್ರಿಪ್, ಒಬ್ರು ಟ್ರಾನೆಕ್ಸಾಮಿಕ್ ಅಂತ ರಕ್ತ ನಿಲ್ಸೋ ಇಂಜೆಕ್ಷನ್, ಡಾಕ್ಟರ್ ಮೇಡಮ್ ಎಲ್ಲಾದ್ರೂ ಹರಿದಿದೆಯಾ, ಮಾಸಿನ ಚೂರು ಉಳಿದಿದೆಯಾ ಅಂತ ನೋಡಿದ್ರು. ಡ್ರಿಪ್ ಬಾಟ್ಲು ತಂದಾಗ ನಮ್ಮಮ್ಮ ಅಡ್ಡ ನಿಂತ್ಕೊಂಡು "ಯಾವ ಬಾಟ್ಲು ತಾಯಿ ಇದು, ಬಳ್ಳಾರೀದಾ" ಅಂದ್ಬಿಟ್ರು. ಅಂಥ ಗಡಿಬಿಡೀಲೂ ಆ ಸಿಸ್ಟರ್ ಸಿಟ್ಟು ಮಾಡ್ಕೊಳ್ಳಲಿಲ್ಲ, ಬಾಟ್ಲು ತಿರುಗಿಸಿ ಲೇಬಲ್ ತೋರ್ಸಿ, ಬ್ಯಾಚ್ ನಂಬರ್ ಕೇಸ್ ಶೀಟಲ್ಲಿ ಬರೀತೀವಿ ನೋಡಿ ಅಂತ ಬರೆದೂ ತೋರ್ಸಿದ್ರು. 620ಕ್ಕೆ ನಿಂತಿತು. ರೆಫರ್ ಇಲ್ಲ, ರಕ್ತ ಹಾಕೋದೂ ಬೇಕಾಗ್ಲಿಲ್ಲ. ಮಾರನೇ ದಿನ ಎದ್ದು ಕೂತು ಗಂಜಿ ಕುಡಿದೆ.

ಬಾಣಂತನದಲ್ಲಿ ರಾತ್ರಿ ಹೆಂಗೂ ನಿದ್ದೆ ಇರಲ್ಲ, ಒಂದು ಕೈಲಿ ಮಗು ಒಂದು ಕೈಲಿ ಮೊಬೈಲು, ಆ ಚೀಲದ ಬಗ್ಗೆನೇ ಹುಡುಕ್ತಿದ್ದೆ. ಇದರ ಬೇರು ನಮ್ಮ ಬೆಳಗಾವೀಲೇ ಇದೆ ಕಣ್ರೀ! ಅಲ್ಲಿಯ ಹಳ್ಳಿಗಳಲ್ಲಿ 2002ರಿಂದ 2005ರ ತನಕ 1620 ಹೆಂಗಸರ ಮೇಲೆ ಮಿಸೊಪ್ರೊಸ್ಟಾಲ್ ಅಂತ ಗರ್ಭಕೋಶ ಮುದುಡಿಸೋ ಮಾತ್ರೆದು ಒಂದು ಪ್ರಯೋಗ ಮಾಡಿದ್ರು, ಹೆರಿಗೆ ನಂತರದ ರಕ್ತಸ್ರಾವ ನೂರಕ್ಕೆ 12 ಇದ್ದಿದ್ದು 6.4ಕ್ಕೆ ಇಳೀತು, 2006ರಲ್ಲಿ ರಿಸಲ್ಟ್ ಬಂತು. ರಕ್ತ ಸರಿಯಾಗಿ ಅಳೀಬೇಕಲ್ಲ ಅಂತ ಆ ಪ್ರಯೋಗಕ್ಕೇ ಗೆರೆ ಇರೋ ಚೀಲ ಮಾಡ್ಕೊಂಡಿದ್ರು. ಕಣ್ಣಳತೆಯನ್ನೂ ಚೀಲದ ಅಳತೆಯನ್ನೂ ಹೋಲಿಸಿ ನೋಡಿದ್ರೆ ಕಣ್ಣಳತೆ ಮೂರರಲ್ಲಿ ಒಂದು ಪಾಲು ಕಮ್ಮಿನೇ ಹೇಳತ್ತೆ. ಡೈರೀಲಿ ನಾನು ಕ್ಯಾನ್ ನೋಡಿ ಇದು ಆರೂವರೆ ಲೀಟರ್ ಬಿಡಿ ಅಂದ್ರೆ ಯಾರಾದ್ರೂ ಸುಮ್ನಿರ್ತಾರಾ? ಅರ್ಧ ಲೀಟರ್ ಹಾಲಿಗೆ ಜಗಳ ಆಡೋ ಊರಲ್ಲಿ ಅರ್ಧ ಲೀಟರ್ ರಕ್ತ ಬಟ್ಟೇಲಿ ಸುತ್ತಿ ಎಸೀತಿದ್ರು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶದ 80 ಆಸ್ಪತ್ರೇಲಿ ಇದೇ ಥರ ಚೀಲ, ಗೆರೆ ದಾಟಿದ ತಕ್ಷಣ ಎಲ್ಲಾ ಚಿಕಿತ್ಸೆ ಒಟ್ಟಿಗೇ ಅನ್ನೋ ಪದ್ಧತಿ ನೋಡಿದಾಗ ತೀವ್ರ ರಕ್ತಸ್ರಾವ, ಅದಕ್ಕಾಗಿ ಆಪರೇಷನ್, ಸಾವು ಎಲ್ಲ ಸೇರಿ ನೂರಕ್ಕೆ 60ರಷ್ಟು ಕಮ್ಮಿ ಆಯ್ತಂತೆ. ನಂಗೆ ಮಾಡಿದ್ದೂ ಅದೇ ಅಂತ ಆಮೇಲೆ ಗೊತ್ತಾಯ್ತು.

ಈಗ ಮೈನಸ್ ಪಾಯಿಂಟು. ಬರೀ ಹೊಗಳಿದ್ರೆ ಅದು ರಿವ್ಯೂ ಅಲ್ಲ, ಸನ್ಮಾನ ಪತ್ರ.

ಎರಡನೇ ರಾತ್ರಿ ವಾರ್ಡಲ್ಲಿ ಒಬ್ರೇ ಸಿಸ್ಟರ್, ಮೂರು ಹೆರಿಗೆ, ಅವರು ಕೂತಿದ್ದನ್ನೇ ನಾನು ನೋಡ್ಲಿಲ್ಲ. ಬೆಳಗ್ಗೆ ಆರಕ್ಕೆ ಮಗೂಗೆ ಹಾಲು ಕುಡಿಸ್ತಾ ನೋಡ್ತೀನಿ, ಟೇಬಲ್ ಹತ್ರ ನಿಂತು ನಾಲ್ಕು ಚೆಕ್‌ಲಿಸ್ಟು ಒಟ್ಟಿಗೆ ಹರಡಿಕೊಂಡು ಒಂದೇ ಪೆನ್ನಲ್ಲಿ ಟಿಕ್ ಟಿಕ್ ಟಿಕ್. ಅವರನ್ನ ಬೈಯೋಕೆ ನಂಗೆ ಮನಸ್ಸಿಲ್ಲ, ಆದ್ರೆ ಆ ಟಿಕ್ಕುಗಳೂ ಮುಂದಿನ ತಿಂಗಳ ಗೆರೆಗೆ ಸೇರತ್ತೆ ತಾನೇ, ಹಳೇ 120/80 ಬೇರೆ ಬಾಗಿಲಿಂದ ಒಳಗೆ ಬಂದಂಗೆ. ಇದೇ ಚೆಕ್‌ಲಿಸ್ಟಿನ ಕಥೆ ಓದಿದ್ರೂ ಹಂಗೇ ಇದೆ. 2010ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ತಾಲ್ಲೂಕು ಮಟ್ಟದ ಹೆರಿಗೆ ಆಸ್ಪತ್ರೇಲಿ ಮೊದಲು ಪ್ರಯೋಗ ಮಾಡಿದಾಗ ಪ್ರತಿ ಹೆರಿಗೇಲೂ ಮಾಡ್ಬೇಕಾದ 29 ಕೆಲಸದಲ್ಲಿ ಸರಾಸರಿ 10 ಮಾಡ್ತಿದ್ದೋರು 25 ಮಾಡೋಕೆ ಶುರು ಮಾಡಿದ್ರು, ಎಲ್ರಿಗೂ ಖುಷಿ. ಆಮೇಲೆ ಉತ್ತರ ಪ್ರದೇಶದಲ್ಲಿ 120 ಆಸ್ಪತ್ರೆ, ಒಂದೂವರೆ ಲಕ್ಷ ಹೆರಿಗೆ, ದೊಡ್ಡದಾಗಿ ನೋಡಿದ್ರು, 2017ರಲ್ಲಿ ರಿಸಲ್ಟ್ ಬಂತು, ಕೆಲಸ ಮಾಡೋ ರೀತಿ ಸುಧಾರಿಸ್ತು ಆದ್ರೆ ತಾಯಿ ಮಗು ಸಾವು ಕಮ್ಮಿ ಆಗ್ಲಿಲ್ಲ, ಹೇಳ್ಕೊಡೋಕೆ ಬರ್ತಿದ್ದೋರು ನಿಂತ ಮೇಲೆ ಚೆಕ್‌ಲಿಸ್ಟ್ ಪಾಲಿಸೋದೂ ಇಳೀತು. ಟಿಕ್ ಹಾಕೋ ಕೈ ಒಂದೇ ಇದ್ದು ಹೆರಿಗೆ ಮೂರಿದ್ರೆ ಯಾವ ಶೀಟು ತಾನೇ ಏನು ಮಾಡತ್ತೆ. ರಾತ್ರಿ ಪಾಳಿಗೆ ಇನ್ನೊಬ್ರು ಸಿಸ್ಟರ್ ಬೇಕು ಅಂತ ಆಡಿಟಲ್ಲಿ ಪ್ರತಿ ಸಲ ಬರೆದು ಕಳಿಸ್ತಾರಂತೆ, ಫ್ರಿಜ್ ಬಂತು, ಬಿಪಿ ಮಿಷನ್ ಬಂತು, ಪೋಸ್ಟು ಬಂದಿಲ್ಲ.

ಇನ್ನೊಂದು, ದುಡ್ಡು ಕೇಳೋದು. ಈ ಸಲ ಆಯಾ 200 ಕೇಳಿದ್ರು, ಹೆಣ್ಣು ಮಗು ಅಂತ ರೇಟು ಕಮ್ಮಿ. ಅದಕ್ಕೆ ಯಾವ ಚಾರ್ಟೂ ಇಲ್ಲ. ಸಿಸ್ಟರ್ ಹತ್ರ ಹೇಳ್ದೆ, ಕಂಪ್ಲೇಂಟ್ ಬಾಕ್ಸಿದೆ ಹಾಕಿ ಅಂದ್ರು, ಬಾಕ್ಸು ಆಯಾ ಕೂರೋ ಸ್ಟೂಲಿನ ಮೇಲೇ ನೇತಾಡ್ತಿದೆ.

ಟಾಯ್ಲೆಟ್ಟಿನ ಒಳಗಿನ ಚಿಲಕ ಮುರಿದಿದೆ, ಹೊಲಿಗೆ ಹಾಕಿಸ್ಕೊಂಡ ಹಸಿಬಾಣಂತಿ ಒಂದು ಕೈಲಿ ಬಾಗಿಲು ಹಿಡ್ಕೊಂಡು ಕೂರ್ಬೇಕು. ಅರಿವಳಿಕೆ ಡಾಕ್ಟರ್ ವಾರದಲ್ಲಿ ಮೂರೇ ದಿನ, ಬೇರೆ ದಿನ ಸಿಸೇರಿಯನ್ ಬೇಕಾದ್ರೆ ಜಿಲ್ಲಾಸ್ಪತ್ರೆಗೇ. ಇದನ್ನ ಮೊದಲೇ ಕೇಳಿ ತಿಳ್ಕೊಂಡಿರಿ, ನೋವು ಬಂದ ಮೇಲೆ ಅಲ್ಲ.

ಇಷ್ಟೆಲ್ಲ ಇದ್ರೂ ಪ್ರೈವೇಟೇ ವಾಸಿ ಅನ್ನೋರಿಗೆ ನಮ್ಮ ನಾದಿನಿದು ಹೇಳ್ತೀನಿ. ಅದೇ ಜನವರೀಲಿ ಸಿಟಿ ನರ್ಸಿಂಗ್ ಹೋಮಲ್ಲಿ ಸಿಸೇರಿಯನ್, ಎಸಿ ರೂಮು, ಬಿಲ್ಲು 85 ಸಾವಿರ. ಯಾಕೆ ಸಿಸೇರಿಯನ್ ಅಂತ ಕೇಳಿದ್ರೆ ಒಬ್ರು ನೀರು ಕಮ್ಮಿ ಅಂತಾರೆ, ಇನ್ನೊಬ್ರು ಬಳ್ಳಿ ಸುತ್ತಿತ್ತು ಅಂತಾರೆ, ಡಿಸ್ಚಾರ್ಜ್ ಚೀಟೀಲಿ ಇನ್ನೇನೋ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇಲಿ ದೇಶದ ಪ್ರೈವೇಟ್ ಆಸ್ಪತ್ರೆ ಹೆರಿಗೇಲಿ ನೂರಕ್ಕೆ 47 ಸಿಸೇರಿಯನ್, ಸರ್ಕಾರೀಲಿ 14. ಇದಕ್ಕೂ ಆಡಿಟ್ ಇದೆ, ರಾಬ್ಸನ್ ಅಂತ, ಹೆರೋಕೆ ಬಂದೋರನ್ನೆಲ್ಲ ಹತ್ತು ಗುಂಪು ಮಾಡೋದು, ಚೊಚ್ಚಲಾ, ಮುಂಚೆ ಸಿಸೇರಿಯನ್ ಆಗಿತ್ತಾ, ಮಗು ತಲೆ ಕೆಳಗಿದೆಯಾ, ದಿನ ತುಂಬಿದೆಯಾ ಅಂತ, ಆಮೇಲೆ ಯಾವ ಗುಂಪಲ್ಲಿ ಎಷ್ಟು ಸಿಸೇರಿಯನ್ ಅಂತ ನೋಡೋದು, 2015ರಿಂದ ಡಬ್ಲ್ಯುಎಚ್‌ಒನೇ ಇದನ್ನ ಬಳಸಿ ಅಂತ ಹೇಳ್ತಿದೆ. ನಿಮ್ಮಲ್ಲಿ ಈ ಲೆಕ್ಕ ಇಡ್ತೀರಾ ಅಂತ ಆ ರಿಸೆಪ್ಷನಲ್ಲಿ ನಮ್ಮೆಜಮಾನ್ರು ಕೇಳಿದ್ರೆ, ಅಕೌಂಟ್ಸ್ ಸೆಕ್ಷನ್ ಮೇಲ್ಗಡೆ ಇದೆ ಸರ್ ಅಂದ್ರಂತೆ.

ಬಳ್ಳಾರಿ ಆದ್ಮೇಲೆ ಸರ್ಕಾರ ರಾಜ್ಯದ ಬಾಣಂತಿ ಸಾವುಗಳನ್ನೆಲ್ಲ ಆಡಿಟ್ ಮಾಡ್ಸಿತ್ತು, 2024 ಏಪ್ರಿಲ್‌ನಿಂದ ಡಿಸೆಂಬರ್ ತನಕದ್ದು 464 ಸಾವು, ಅದರಲ್ಲಿ ನೂರಕ್ಕೆ 70ರ ಮೇಲೆ ತಡೀಬೋದಾಗಿತ್ತು ಅಂತ ರಿಪೋರ್ಟು. ಆ ಸಾಲು ಓದಿದಾಗ ಬೀರೂಲಿರೋ ಚೀಟಿ ನೆನಪಾಯ್ತು, 2017ರಲ್ಲಿ ಅಮ್ಮ ಕೂಗಾಡದೇ ಇದ್ದಿದ್ರೆ ನಂದೂ ಅಂಥದ್ದೇ ಒಂದು ಲೆಕ್ಕ ಆಗಿರ್ತಿತ್ತು, ರಕ್ತಸ್ರಾವ ನಾರ್ಮಲ್ ಅಂತಾನೇ. ಕೇರಳದಲ್ಲಿ ಅಲ್ಲಿನ ಸ್ತ್ರೀರೋಗ ಡಾಕ್ಟರ ಸಂಘದೋರೇ 2004ರಿಂದ ಪ್ರತಿ ಸಾವಿನ ಕಾಗದನೂ ಹೆಸರು ತೆಗೆದು, ಯಾರನ್ನೂ ಸಿಕ್ಕಿಹಾಕ್ಸದೆ, ಎಲ್ಲಿ ತಪ್ತು ಅಂತ ಮಾತ್ರ ನೋಡ್ಕೊಂಡು ಬರ್ತಿದಾರೆ. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ ಅಲ್ಲಿ 19 ತಾಯಂದಿರ ಸಾವು, ನಮ್ಮಲ್ಲಿ 69. ಎಲ್ಲ ಆಡಿಟಿಂದನೇ ಅಂತ ನಾನು ಹೇಳಲ್ಲ, ಅಲ್ಲಿಯ ರಸ್ತೆ, ಓದು, ಆಸ್ಪತ್ರೆ ಎಲ್ಲ ಬೇರೆ. ಆದ್ರೂ ಬೈತಾರೆ ಅನ್ನೋ ಭಯ ಇದ್ರೆ ಯಾರೂ ನಿಜ ಬರೆಯಲ್ಲ, ಇಷ್ಟಂತೂ ನಂಗೆ ಡೈರಿಯಿಂದಲೇ ಗೊತ್ತು.

ಡಿಸ್ಚಾರ್ಜ್ ದಿನ ನನ್ನ ಕೇಸ್ ಶೀಟ್ ನೋಡ್ಬೋದಾ ಅಂತ ಕೇಳ್ದೆ, ಕೊಟ್ರು. ಮಗು ಹುಟ್ಟಿದ್ದು 4:12, ಇಂಜೆಕ್ಷನ್ 4:12, ರಕ್ತಸ್ರಾವ 620 ಮಿಲಿ, ಬಿಪಿ 106/68, ಆಮೇಲೆ 98/60, ಆಮೇಲೆ 110/70. ಒಂದೊಂದೂ ಬೇರೆ ಬೇರೆ ನಂಬರು. ಫೋಟೋ ತಕ್ಕೊಂಡೆ. ಈ ತಿಂಗಳು ಎಳೆಯೋ ಇಪ್ಪತ್ತರಲ್ಲಿ ನಂದೂ ಬರತ್ತಾ ಸಿಸ್ಟರ್ ಅಂದೆ, ಯಾರ್ದು ಬರತ್ತೆ ಅಂತ ನಮಗೇ ಗೊತ್ತಿರಲ್ಲಮ್ಮ ಅಂದ್ರು.

ಹೋಗೋರಿಗೆ: ತಾಯಿ ಕಾರ್ಡ್ ಮರೀಬೇಡಿ, ಬಿಸಿನೀರಿಗೆ ಫ್ಲಾಸ್ಕ್, ಒಂದು ಬಕೆಟ್, ಸೊಳ್ಳೆ ಪರದೆ ಮನೆಯಿಂದಲೇ ತಗೊಂಡ್ಹೋಗಿ. ಜೊತೆಗೆ ಇರೋರು ಸ್ವಲ್ಪ ಬಾಯಿರೋರಾಗಿರ್ಲಿ, ನಮ್ಮಮ್ಮನ ಥರ. ನಾಲ್ಕು ಸ್ಟಾರ್ ಕೊಟ್ಟಿದೀನಿ. ಚಿಲಕ ಹಾಕ್ಸಿದ್ರೆ ಹೇಳಿ, ಬಂದು ಅರ್ಧ ಸೇರಿಸ್ತೀನಿ.